‘ಕಣ್ಣಾರೆ ಕಂಡೆ’ ಅಂದರೆ ಸಾಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಪತ್ರಗಳನ್ನು ಹರಡಿಕೊಂಡು ಕೂತಾಗ ಖುಷಿಯಾಯಿತು. ನಿದ್ದೆ ಬಾರದಿರುವುದು, ಪರೀಕ್ಷೆ ಭಯ, ಅತ್ತೆ ಸೊಸೆ ಮನಸ್ತಾಪ ಎಲ್ಲ ಎಂದಿನಂತೆ ಇವೆ. ಆದರೆ ಈ ಸಲ ಜಾಸ್ತಿ ಜನ ಕೇಳಿರುವುದು ಬೇರೆ. ಮನಸ್ಸಿನ ಬಗ್ಗೆ ಹೇಳುವ ಮಾತು ನಿಜವೋ ಸುಳ್ಳೋ ಅಂತ ತಿಳಿಯುವುದು ಹೇಗೆ, ಪ್ರಾಜೆಕ್ಟ್ ಮಾಡುವುದು ಹೇಗೆ, ಯಾರನ್ನು ನಂಬಬೇಕು ಅಂತೆಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಮನೋವಿಜ್ಞಾನ ಪಾಠ ಮಾಡಿದ ನನಗೆ ಇದಕ್ಕಿಂತ ಇಷ್ಟದ ವಿಷಯ ಇನ್ನೊಂದಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ. ಉಳಿದವರಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ಹಾಸನದಲ್ಲಿ ಬಿ.ಎ. ಕೊನೆ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ನಮ್ಮ ಕಾಲೇಜಿನ 60 ಜನರಿಗೆ ‘ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀರಿ’ ಅಂತ ಕೇಳಿ, ಅವರ ಹಿಂದಿನ ಸೆಮಿಸ್ಟರಿನ ಮಾರ್ಕ್ಸ್ ಜೊತೆ ಹೋಲಿಸಿದೆ. ಮೊಬೈಲ್ ಜಾಸ್ತಿ ನೋಡುವವರ ಮಾರ್ಕ್ಸ್ ಕಡಿಮೆ ಇದೆ. ‘ಮೊಬೈಲಿನಿಂದ ಅಂಕ ಕುಸಿಯುತ್ತದೆ’ ಎಂದು ಬರೆಯಬಹುದಾ ಮೇಡಂ?

ಉತ್ತರ: ಬರೆಯಬೇಡಮ್ಮಾ. ನೀನು ಕಷ್ಟಪಟ್ಟು 60 ಜನರ ಹಿಂದೆ ಓಡಾಡಿದ್ದೀಯ, ಆ ಶ್ರಮ ದೊಡ್ಡದು. ಆದರೆ ನಿನ್ನ ಕೈಯಲ್ಲಿರುವುದು ಸಹಸಂಬಂಧ. ಎರಡು ಸಂಗತಿ ಜೊತೆಜೊತೆಗೆ ಏರಿಳಿಯುತ್ತಿವೆ, ಅಷ್ಟೇ. ಯಾವುದರಿಂದ ಯಾವುದು ಆಯಿತು ಅನ್ನುವುದು ಅದರಲ್ಲಿಲ್ಲ.

ಸ್ವಲ್ಪ ಯೋಚಿಸು. ಮೊಬೈಲ್ ನೋಡಿ ನೋಡಿ ಓದು ಕೆಟ್ಟಿರಬಹುದು. ಇಲ್ಲವೇ ಮೊದಲೇ ಮಾರ್ಕ್ಸ್ ಕಡಿಮೆ ಬಂದು, ಪುಸ್ತಕ ತೆರೆಯಲು ಮನಸ್ಸಾಗದೆ, ಅದಕ್ಕೇ ಮೊಬೈಲ್ ಹಿಡಿದಿರಬಹುದು. ಮೂರನೆಯದೂ ಒಂದಿದೆ. ನಿಮ್ಮ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳು ಎಷ್ಟು ಜನ? ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ ಕೂತವಳು ಮೊಬೈಲ್ ನೋಡದೆ ಇನ್ನೇನು ಮಾಡುತ್ತಾಳೆ? ಮನೆ ಮುಟ್ಟಿದ ಮೇಲೆ ಕೆಲಸ, ಅಡುಗೆ, ಆಮೇಲೆ ಸುಸ್ತು. ಅವಳ ಮೊಬೈಲಿನ ಗಂಟೆ ಹೆಚ್ಚಲೂ ಬಸ್ಸೇ ಕಾರಣ, ಮಾರ್ಕ್ಸ್ ಇಳಿಯಲೂ ಬಸ್ಸೇ ಕಾರಣ ಆಗಿರಬಹುದು. ನೀನು ಬಸ್ಸಿನ ಬಗ್ಗೆ ಕೇಳಿಯೇ ಇಲ್ಲ ಅಲ್ವಾ?

ಕಾರಣ ಹಿಡಿಯಬೇಕಾದರೆ ಪ್ರಯೋಗ ಮಾಡಬೇಕು. ಒಂದು ಸೆಮಿಸ್ಟರ್ ಇಡೀ ಯಾರ ಮೊಬೈಲನ್ನೂ ಕಿತ್ತಿಟ್ಟುಕೊಳ್ಳಲು ಆಗುವುದಿಲ್ಲ. ಆದರೆ ಸಣ್ಣದಾಗಿ ಮಾಡಬಹುದು. ಒಪ್ಪಿದ 40 ಜನರನ್ನು ಕರೆ. ಪ್ರತಿಯೊಬ್ಬರಿಗೂ ನಾಣ್ಯ ಚಿಮ್ಮು. ಹೆಡ್ ಬಿದ್ದರೆ ಮೊಬೈಲ್ ಮೇಜಿನ ಮೇಲೆ, ಟೇಲ್ ಬಿದ್ದರೆ ಪಕ್ಕದ ಕೋಣೆಯ ಬ್ಯಾಗಿನಲ್ಲಿ. ಎರಡೂ ಗುಂಪಿಗೆ ಒಂದೇ ಪಾಠ ಓದಲು ಕೊಡು, ಅರ್ಧ ಗಂಟೆ ಬಿಟ್ಟು ಒಂದೇ 20 ಪ್ರಶ್ನೆ ಕೇಳು. ಇದರ ಜೀವ ಇರುವುದು ಆ ನಾಣ್ಯದಲ್ಲಿ. ‘ಯಾರಿಗೆ ಬೇಕೋ ಅವರು ಮೊಬೈಲ್ ಹೊರಗಿಡಿ’ ಅಂತ ಬಿಟ್ಟರೆ ಮೊದಲೇ ಓದುವವರೆಲ್ಲ ಒಂದು ಕಡೆ ಸೇರುತ್ತಾರೆ. ನಾಣ್ಯ ಚಿಮ್ಮಿದರೆ ಬಸ್ಸಿನಲ್ಲಿ ಬರುವವರು, ಹಾಸ್ಟೆಲಿನವರು, ಚುರುಕಿನವರು, ಮನೆಯಲ್ಲಿ ಜಗಳ ಇರುವವರು ಎಲ್ಲ ಎರಡೂ ಕಡೆ ಹಂಚಿಹೋಗುತ್ತಾರೆ. ನೀನು ಕೇಳಲು ಮರೆತ ಸಂಗತಿಗಳೂ ಹಂಚಿಹೋಗುತ್ತವೆ. ಬೇರೆ ಯಾವ ಉಪಾಯದಲ್ಲೂ ಈ ಗುಣ ಇಲ್ಲ.

ಇನ್ನೊಂದು ಮಾತು, ನಿನ್ನ ಪ್ರಶ್ನೆಯ ಬಗ್ಗೆ. ‘ಎಷ್ಟು ಗಂಟೆ ನೋಡುತ್ತೀರಿ’ ಅಂದರೆ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಹಾಡು ಕೇಳಿದ್ದು ಲೆಕ್ಕವಾ? ಮೇಷ್ಟ್ರು ಕಳಿಸಿದ ನೋಟ್ಸ್ ಓದಿದ್ದು? ಈಗ ಬಹುತೇಕ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ದಿನದ ಲೆಕ್ಕ ಸಿಗುತ್ತದೆ. ಅವರು ಒಪ್ಪಿದರೆ ಹೋದ ವಾರದ ಲೆಕ್ಕ ನೋಡಿ ಬರೆದುಕೋ. ಪ್ರಶ್ನೆಯಲ್ಲಿ ಒಂದು ಪದ ಬದಲಾದರೂ ಉತ್ತರ ಬದಲಾಗುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಅಂತ ಕೇಳಿದವರಿಗೆ ಸಿಕ್ಕ ಸರಾಸರಿ ಉತ್ತರ ಗಂಟೆಗೆ ಸುಮಾರು 40 ಮೈಲಿ. ‘ತಾಗಿದಾಗ’ ಅಂತ ಕೇಳಿದಾಗ ಸುಮಾರು 32. ಇನ್ನೊಂದು ಸುತ್ತಿನಲ್ಲಿ, ಒಂದು ವಾರ ಬಿಟ್ಟು ‘ಒಡೆದ ಗಾಜು ನೋಡಿದಿರಾ’ ಅಂತ ವಿಚಾರಿಸಿದರು. ‘ಅಪ್ಪಳಿಸಿದಾಗ’ ಎಂಬ ಪದ ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಅಂದರು. ‘ಗುದ್ದಿದಾಗ’ ಅಂತ ಕೇಳಿದ್ದ 50ರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಈಗಿನ ಪ್ರಾಜೆಕ್ಟನ್ನು ಎಸೆಯಬೇಡ. ಹೀಗೆ ಬರೆ: ‘ನಮ್ಮ ಕಾಲೇಜಿನ ಈ 60 ವಿದ್ಯಾರ್ಥಿಗಳಲ್ಲಿ, ಮೊಬೈಲ್ ಜಾಸ್ತಿ ನೋಡುತ್ತೇವೆ ಎಂದು ತಾವೇ ಹೇಳಿದವರ ಅಂಕ ಕಡಿಮೆ ಇತ್ತು. ಕಾರಣ ಏನೆಂದು ಈ ಅಧ್ಯಯನದಿಂದ ಹೇಳಲಾಗದು.’ ಎರಡನೇ ವಾಕ್ಯ ಬರೆದದ್ದಕ್ಕೆ ಒಳ್ಳೆಯ ಪರೀಕ್ಷಕರು ಮಾರ್ಕ್ಸ್ ಜಾಸ್ತಿಯೇ ಕೊಡುತ್ತಾರೆ.

ಪ್ರಶ್ನೆ: ದಾವಣಗೆರೆಯ ಗೃಹಿಣಿ ನಾನು. ನಮ್ಮ ಊರಿನ ಒಂದು ಕೇಂದ್ರದವರು ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಕಾರ್ಯಕ್ರಮ ಇಟ್ಟಿದ್ದರು. ಮಕ್ಕಳು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಬಣ್ಣ ಹೇಳಿದರು, ಪೇಪರ್ ಓದಿದರು. ನಾನು ಕಣ್ಣಾರೆ ಕಂಡೆ. ಪಕ್ಕದ ಮನೆ ಹುಡುಗಿಯೂ ಕಲಿತು ಬಂದಿದ್ದಾಳೆ. ನಮ್ಮ ಮಗನಿಗೆ 9 ವರ್ಷ. ಫೀಸು ತುಂಬಾ ಇದೆ, ಆದರೆ ಯಜಮಾನರು ಸೇರಿಸೋಣ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ದುಡ್ಡು ಕಟ್ಟಬೇಡಿ ಅಮ್ಮಾ. ಇದನ್ನು ಓದಿ, ಮನೆಯಲ್ಲೇ ಒಂದು ಪರೀಕ್ಷೆ ಮಾಡಿ, ಆಮೇಲೆ ಇಬ್ಬರೂ ಕೂತು ತೀರ್ಮಾನ ಮಾಡಿ.

ಮಿಡ್‌ಬ್ರೈನ್ ಅಂದರೆ ಮೆದುಳಿನ ನಡುವಿನ ಒಂದು ಸಣ್ಣ ಭಾಗ. ಅದು ನಿಮ್ಮ ಮಗನಿಗೂ ಇದೆ, ಹುಟ್ಟಿದಾಗಿನಿಂದ ಕೆಲಸ ಮಾಡುತ್ತಲೇ ಇದೆ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದ ಕಡೆ ತಿರುಗುವುದು, ಇಂಥದರಲ್ಲಿ ಅದರ ಪಾಲಿದೆ. ಯಾರೂ ಶಿಬಿರ ನಡೆಸಿ ಅದನ್ನು ಎಬ್ಬಿಸಬೇಕಾಗಿಲ್ಲ.

ನೀವು ಕಂಡದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಗು ಓದಿದ್ದು ನಿಜ. ಎಲ್ಲಿಂದ ನೋಡಿ ಓದಿತು ಅನ್ನುವುದು ಪ್ರಶ್ನೆ. ಈಗಲೇ ಒಂದು ಕರವಸ್ತ್ರ ಮಡಚಿ ಕಣ್ಣಿಗೆ ಕಟ್ಟಿಕೊಳ್ಳಿ. ಮೂಗಿನ ಎರಡೂ ಪಕ್ಕ, ಕೆನ್ನೆ ಬಂದು ಮೂಗಿಗೆ ಸೇರುವ ಕಡೆ, ಬಟ್ಟೆ ಕೂರುವುದೇ ಇಲ್ಲ. ಬೆರಳಗಲದ ಸಂದು ಉಳಿಯುತ್ತದೆ. ಗದ್ದ ಸ್ವಲ್ಪ ಎತ್ತಿ ಕಣ್ಣು ಕೆಳಗಿಳಿಸಿದರೆ ಮಡಿಲಲ್ಲಿರುವ ಪುಸ್ತಕ ಚೆನ್ನಾಗಿ ಕಾಣುತ್ತದೆ. ವೇದಿಕೆಯ ಮೇಲೆ ಮಕ್ಕಳು ಕಾರ್ಡನ್ನು ಎಲ್ಲಿ ಹಿಡಿದಿದ್ದರು ಅಂತ ನೆನಪಿಸಿಕೊಳ್ಳಿ. ಮೂಗಿನ ಕೆಳಗೆ, ಎದೆಯ ಹತ್ತಿರ ಅಲ್ವಾ? ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇಂಥ ಪ್ರದರ್ಶನಗಳ ಬಗ್ಗೆ ಊರೂರಿನಲ್ಲಿ ಜನರನ್ನು ಎಚ್ಚರಿಸುತ್ತಾ ಬಂದಿದ್ದಾರೆ.

ಈಗ ಪರೀಕ್ಷೆ. ಪಕ್ಕದ ಮನೆಯವರು ಒಪ್ಪಿದರೆ ಆ ಹುಡುಗಿಯ ಜೊತೆ ಇದನ್ನು ಆಟದ ಹಾಗೆ ಮಾಡಿ. ಕೆಂಪು, ಹಳದಿ, ಹಸಿರು, ನೀಲಿ ಕಾಗದದ ಒಂದೇ ಅಳತೆಯ ಚೂರುಗಳು, ಪ್ರತಿ ಬಣ್ಣದ್ದು 20, ಒಂದು ಡಬ್ಬಕ್ಕೆ ಹಾಕಿ ಕಲಸಿ. ಒಳಗಿನ ಕೋಣೆಯಲ್ಲಿ ನಿಮ್ಮ ಯಜಮಾನರು ಡಬ್ಬದೊಳಗೆ ನೋಡದೆ ಒಂದೊಂದೇ ಚೂರು ತೆಗೆದು, ಬೆಳಕು ತೂರದ ದಪ್ಪ ಲಕೋಟೆಗೆ ಹಾಕಿ, ನಂಬರ್ ಬರೆದು, ಯಾವ ನಂಬರಿನಲ್ಲಿ ಯಾವ ಬಣ್ಣ ಅಂತ ಪಟ್ಟಿ ಮಾಡಿಕೊಂಡು ಅಲ್ಲೇ ಕೂರಲಿ. ಹೀಗೆ 20 ಲಕೋಟೆ. ನೀವು ಹೊರಗೆ ಹುಡುಗಿಗೆ ಒಂದೊಂದೇ ಕೊಟ್ಟು, ಅವಳು ಹೇಳಿದ ಬಣ್ಣ ಬರೆದುಕೊಳ್ಳಿ. ಕಣ್ಣಿಗೆ ಬಟ್ಟೆ ಬೇಡವೇ ಬೇಡ. ಕಣ್ಣಿಲ್ಲದೆ ಕಾಣುತ್ತದೆ ಅನ್ನುವುದಾದರೆ ಲಕೋಟೆಯೂ ಅಡ್ಡ ಬರಬಾರದು. ಸುಮ್ನೆ ಊಹಿಸಿದರೂ 20ರಲ್ಲಿ 5ರ ಆಸುಪಾಸು ಸರಿ ಬರುತ್ತದೆ. ಊಹೆಯಿಂದಲೇ 10 ಅಥವಾ ಅದಕ್ಕಿಂತ ಜಾಸ್ತಿ ಬರುವುದು ತೀರಾ ಅಪರೂಪ, ನೂರು ಮಕ್ಕಳು ಆಡಿದರೆ ಒಬ್ಬಿಬ್ಬರಿಗೆ ಬರಬಹುದು. ಎಷ್ಟು ಬಂದರೆ ನಂಬುತ್ತೇವೆ ಅಂತ ಶುರು ಮಾಡುವ ಮೊದಲೇ ಕಾಗದದಲ್ಲಿ ಬರೆದಿಡಿ. ಆಮೇಲೆ ‘ಇವತ್ತು ಅವಳಿಗೆ ಮೂಡ್ ಇಲ್ಲ’ ಅನ್ನಬಾರದು.

ಯಜಮಾನರನ್ನು ಒಳಗೆ ಯಾಕೆ ಕೂರಿಸಿದೆ, ನಿಮಗೂ ಬಣ್ಣ ಗೊತ್ತಿರಬಾರದು ಅಂತ ಯಾಕೆ ಹೇಳಿದೆ? ಅದಕ್ಕೆ ಒಂದು ಕುದುರೆಯ ಕಥೆ ಹೇಳಬೇಕು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಇತ್ತು. ಯಜಮಾನ ವಿಲ್‌ಹೆಲ್ಮ್ ಫಾನ್ ಓಸ್ಟೆನ್, ನಿವೃತ್ತ ಲೆಕ್ಕದ ಮೇಷ್ಟ್ರು. ಕೂಡುವ ಲೆಕ್ಕ ಕೇಳಿದರೆ ಹಾನ್ಸ್ ಮುಂಗಾಲಿನ ಗೊರಸನ್ನು ಅಷ್ಟು ಸಲ ಬಡಿದು ನಿಲ್ಲಿಸುತ್ತಿತ್ತು. ಮೇಷ್ಟ್ರು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಅವರು ಇಲ್ಲದಿದ್ದಾಗ ಬೇರೆಯವರು ಕೇಳಿದರೂ ಉತ್ತರ ಸರಿ ಬರುತ್ತಿತ್ತು. 1904ರಲ್ಲಿ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಮುಂದಾಳತ್ವದಲ್ಲಿ ಒಂದು ಸಮಿತಿ ಬಂದು ನೋಡಿ, ಮೋಸ ಏನೂ ಕಾಣಲಿಲ್ಲ ಅಂತ ಹೇಳಿತು. ಮೋಸ ನಿಜಕ್ಕೂ ಇರಲಿಲ್ಲ.

ಆಮೇಲೆ ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್‌ಸ್ಟ್ ಕೂತು ಕೆಲಸ ಶುರು ಮಾಡಿದ. ಅವನು ಬದಲಾಯಿಸಿದ್ದು ಎರಡೇ ಸಂಗತಿ. ಕೆಲವು ಸಲ ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದ ಹಾಗೆ ಮಾಡಿದ. ಕೆಲವು ಸಲ ಕೇಳುವವನು ಕುದುರೆಗೆ ಕಾಣದ ಹಾಗೆ ಮಾಡಿದ. ಎರಡರಲ್ಲೂ ಹಾನ್ಸ್ ಸೋತಿತು. ಆಮೇಲೆ ಫುಂಗ್‌ಸ್ಟ್ ಕುದುರೆಯನ್ನು ಬಿಟ್ಟು ಮನುಷ್ಯರನ್ನು ನೋಡತೊಡಗಿದ. ಪ್ರಶ್ನೆ ಕೇಳಿದವರು ಗೊರಸು ನೋಡಲು ತಲೆಯನ್ನು ಒಂಚೂರು ಬಗ್ಗಿಸುತ್ತಿದ್ದರು. ಸರಿಯಾದ ಎಣಿಕೆ ಬಂದ ಕೂಡಲೇ ತಮಗೇ ತಿಳಿಯದ ಹಾಗೆ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ನೋಡಿ ಕಾಲು ನಿಲ್ಲಿಸುತ್ತಿತ್ತು. ಇದು ಗೊತ್ತಾದ ಮೇಲೂ ಫುಂಗ್‌ಸ್ಟ್‌ಗೆ ತನ್ನ ತಲೆಯನ್ನೇ ಪೂರ್ತಿ ಹಿಡಿದಿಡಲು ಆಗಲಿಲ್ಲವಂತೆ. 1907ರಲ್ಲಿ ಅವನು ಇದನ್ನೆಲ್ಲ ಪುಸ್ತಕವಾಗಿ ಬರೆದ. ಮೇಷ್ಟ್ರು ಮಾತ್ರ ಕೊನೆವರೆಗೂ ಒಪ್ಪಲಿಲ್ಲ.

ಎಂ.ಎ. ಓದುವಾಗ ನನಗೂ ಇದೇ ಆಯಿತು. ಒಂದು ಹಳ್ಳಿ ಶಾಲೆಯಲ್ಲಿ ಮಕ್ಕಳ ನೆನಪಿನ ಶಕ್ತಿ ಅಳೆಯುತ್ತಿದ್ದೆ. ಮೊದಲು ಹತ್ತು ಚಿತ್ರ ತೋರಿಸುವುದು, ಆಮೇಲೆ ಇಪ್ಪತ್ತು ಚಿತ್ರದಲ್ಲಿ ಆ ಹತ್ತನ್ನು ಹುಡುಕಲು ಹೇಳುವುದು. ಒಬ್ಬ ಪುಟ್ಟ ಹುಡುಗ ಬೆರಳನ್ನು ಚಿತ್ರಗಳ ಮೇಲೆ ಮೆಲ್ಲಗೆ ಸರಿಸುತ್ತಾ ಬಂದ. ಅವನ ಕಣ್ಣು ಚಿತ್ರದ ಮೇಲೆ ಇರಲಿಲ್ಲ, ನನ್ನ ಪೆನ್ನಿನ ಮೇಲಿತ್ತು. ಸರಿ ಚಿತ್ರದ ಹತ್ತಿರ ಬೆರಳು ಬರುತ್ತಿದ್ದ ಹಾಗೆ ಟಿಕ್ ಹಾಕಲು ನನ್ನ ಪೆನ್ನು ಹಾಳೆಗೆ ಇಳಿಯುತ್ತಿತ್ತು. ಅವನು ಹನ್ನೊಂದನೇ ಮಗು. ಹನ್ನೊಂದು ಹಾಳೆಯನ್ನೂ ತೆಗೆದುಹಾಕಿದೆ. ಮಾರನೇ ದಿನದಿಂದ ಗೆಳತಿಯೊಬ್ಬಳು ಮಕ್ಕಳ ಬೆನ್ನ ಹಿಂದೆ ಕೂತು ಬರೆದುಕೊಂಡಳು, ನಾನು ಪೆನ್ನು ಮುಟ್ಟಲಿಲ್ಲ.

ಅದಕ್ಕೇ ಅಮ್ಮಾ, ಪಕ್ಕದ ಮನೆ ಹುಡುಗಿಗೆ ‘ಸುಳ್ಳಿ’ ಅಂತ ಬೈಯಬೇಡಿ, ಬೈಯಲು ಬಿಡಬೇಡಿ. ದೊಡ್ಡವರೆಲ್ಲ ಚಪ್ಪಾಳೆ ತಟ್ಟುತ್ತಿರುವಾಗ ‘ನನಗೆ ಕೆಳಗಿನಿಂದ ಕಾಣುತ್ತಿದೆ’ ಅಂತ ಹೇಳುವ ಧೈರ್ಯ ಒಂಬತ್ತು ವರ್ಷದ ಮಗುವಿಗೆ ಎಲ್ಲಿಂದ ಬರಬೇಕು?

ಪ್ರಶ್ನೆ: ಎಂ.ವಿ. ಗೋಪಾಲಸ್ವಾಮಿ ಅವರು ರೇಡಿಯೋದವರೋ, ಮನೋವಿಜ್ಞಾನದವರೋ? ಮೈಸೂರಿನಲ್ಲಿ ಎರಡೂ ಕಡೆ ಹೆಸರು ಕೇಳಿದ್ದೇನೆ.

ಉತ್ತರ: ಎರಡೂ ಹೌದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಮನೋವಿಜ್ಞಾನದ ಪ್ರಯೋಗಾಲಯ ತೆರೆದರು. ನಮ್ಮ ದೇಶದಲ್ಲಿ ಮೊದಲಿಗೆ ಕಲ್ಕತ್ತಾ, 1915ರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ಅದನ್ನು ಕಟ್ಟಿದವರು ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದವರೂ ಅವರೇ. ಆಕಾಶವಾಣಿ ಅನ್ನುವ ಹೆಸರು ಆ ಕೇಂದ್ರದ್ದು.

ಪ್ರಶ್ನೆ: ಹುಬ್ಬಳ್ಳಿ ಕಡೆ ಬಸ್ ಕಂಡಕ್ಟರ್ ಆಗಿ 22 ವರ್ಷ ಆಯಿತು. ನಾನು ನೋಡಿದ್ದು ಏನೆಂದರೆ, ನಿಂತವರು ನಾಲ್ಕೈದು ಜನ ಇದ್ದಾಗ ಮುದುಕರು ಹತ್ತಿದರೆ ಯಾರಾದರೂ ಎದ್ದು ಸೀಟು ಬಿಡುತ್ತಾರೆ. ಬಸ್ಸು ಕಿಕ್ಕಿರಿದಾಗ ಯಾರೂ ಏಳುವುದಿಲ್ಲ, ಎಲ್ಲರೂ ಕಿಟಕಿ ಕಡೆ ನೋಡುತ್ತಾರೆ. ನಮ್ಮಂಥವರು ನೋಡಿದ್ದಕ್ಕೆ ಬೆಲೆ ಇದೆಯಾ? ಅಥವಾ ಪ್ರೊಫೆಸರರೇ ನೋಡಬೇಕಾ?

ಉತ್ತರ: ಸರ್, ನಿಮ್ಮ ಪತ್ರವನ್ನು ನಾನು ಕ್ಲಾಸಿನಲ್ಲಿ ಓದಿ ಹೇಳಿದೆ. ದೊಡ್ಡ ಅಧ್ಯಯನಗಳು ಹುಟ್ಟುವುದು ಇಂಥ ಗಮನಿಕೆಯಿಂದಲೇ.

1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಹೆಣ್ಣುಮಗಳ ಕೊಲೆಯಾಯಿತು. 38 ಜನ ನೋಡಿಯೂ ಸುಮ್ಮನಿದ್ದರು ಅಂತ ಪತ್ರಿಕೆ ಬರೆಯಿತು. ಆ ಲೆಕ್ಕ ಉತ್ಪ್ರೇಕ್ಷೆ ಅಂತ ಆಮೇಲೆ ತಿಳಿಯಿತು, ಆದರೆ ಸುದ್ದಿ ಓದಿದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನೋವಿಜ್ಞಾನಿಗಳು ನಿಮ್ಮ ಹಾಗೇ ಯೋಚಿಸಿದರು: ಜನ ಜಾಸ್ತಿ ಇದ್ದದ್ದೇ ಕಾರಣ ಇರಬಹುದಾ? ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಲು ಬಿಟ್ಟರು. ನಡುವೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು, ಅದು ಮೊದಲೇ ರೆಕಾರ್ಡ್ ಮಾಡಿದ್ದ ದನಿ. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇಕಡ 85ರಷ್ಟು ಜನ ಆ ದನಿ ಮುಗಿಯುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇಕಡ 31 ಮಾತ್ರ. ಇದು 1968ರಲ್ಲಿ ಪ್ರಕಟವಾಯಿತು. ಏಳದೆ ಕೂತವರು ಕಲ್ಲುಮನಸ್ಸಿನವರೇನಲ್ಲ. ಅವರ ಕೈ ನಡುಗುತ್ತಿತ್ತು, ಆ ಹುಡುಗ ಹೇಗಿದ್ದಾನೆ ಅಂತ ಆಮೇಲೆ ಕೇಳಿದರು. ಇನ್ನೊಬ್ಬರು ಹೋಗಿರುತ್ತಾರೆ ಅನ್ನುವ ಭಾವನೆ ಅವರನ್ನು ಕಟ್ಟಿಹಾಕಿತ್ತು.

ಈಗ ನಿಮ್ಮ ಬಸ್ಸಿಗೆ ಬರೋಣ. ನಿಮ್ಮ ನೆನಪು 22 ವರ್ಷದ್ದು. ಆದರೆ ನೆನಪು ಬೇಸರ ತಂದದ್ದನ್ನು ಬೇಗ ಹಿಡಿದುಕೊಳ್ಳುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಯಾರೋ ಸುಮ್ನೆ ಎದ್ದು ಜಾಗ ಬಿಟ್ಟಿದ್ದರೆ ನೀವು ಟಿಕೆಟ್ ಕೊಡುವ ಗಡಿಬಿಡಿಯಲ್ಲಿ ನೋಡಿರಲಿಕ್ಕೂ ಇಲ್ಲ. ಹಾಗಾಗಿ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ನಿಯಮ ಬರೆಯಿರಿ. ಮುದುಕರು ಅಂದರೆ ಯಾರು? ನೀವು ಹಿರಿಯ ನಾಗರಿಕರ ರಿಯಾಯಿತಿ ಟಿಕೆಟ್ ಕೊಟ್ಟವರು ಅಂತ ಇಟ್ಟುಕೊಳ್ಳಬಹುದು. ಸೀಟು ಬಿಟ್ಟರು ಅಂದರೆ ಏನು? ಮುಂದಿನ ಸ್ಟಾಪಿನೊಳಗೆ, ನೀವು ಹೇಳದೆಯೇ, ಯಾರಾದರೂ ಎದ್ದದ್ದು. ಆಮೇಲೆ ಪ್ರತಿ ಸಲವೂ ಎರಡು ಗುರುತು: ನಿಂತವರು ಹತ್ತಕ್ಕಿಂತ ಕಡಿಮೆಯೋ ಜಾಸ್ತಿಯೋ, ಯಾರಾದರೂ ಎದ್ದರೋ ಇಲ್ಲವೋ. ಎದ್ದದ್ದನ್ನೂ ಬರೆಯಿರಿ, ಏಳದ್ದನ್ನೂ ಬರೆಯಿರಿ. ಯಾರ ಹೆಸರೂ ಬೇಡ, ಫೋಟೋ ಬೇಡ.

ಒಂದು ಎಚ್ಚರ. ಕಿಕ್ಕಿರಿಯುವುದು ಸಿಟಿ ರೂಟು, ಖಾಲಿ ಇರುವುದು ಹಳ್ಳಿ ರೂಟು ಆದರೆ ಎರಡನ್ನೂ ಬೆರೆಸಬೇಡಿ. ಹಳ್ಳಿಯಲ್ಲಿ ಅಜ್ಜನನ್ನು ಎಲ್ಲರೂ ಬಲ್ಲರು, ಅದಕ್ಕೇ ಏಳುತ್ತಿರಬಹುದು. ಒಂದೇ ರೂಟಿನ ಬೆಳಗಿನ ಟ್ರಿಪ್ಪು, ಮಧ್ಯಾಹ್ನದ ಟ್ರಿಪ್ಪು ಹೋಲಿಸಿ. ಮೂರು ತಿಂಗಳ ಪುಸ್ತಕ ಆದ ಮೇಲೆ ನನಗೆ ಕಳಿಸಿ ಸರ್, ಕೂತು ಒಟ್ಟಿಗೆ ಲೆಕ್ಕ ಹಾಕೋಣ.

ಪ್ರಶ್ನೆ: ಆನ್‌ಲೈನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿದರೆ ನಮ್ಮ ಸ್ವಭಾವ ಹೇಳುವ ಟೆಸ್ಟ್ ಇದೆ. ನನ್ನದು ಅಚ್ಚುಕಟ್ಟಾಗಿ ಸರಿ ಬಂತು. ಇದು ವಿಜ್ಞಾನವಾ?

ಉತ್ತರ: 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರ ಬರೆದು ಹಂಚಿದರು. ಎಷ್ಟು ಸರಿ ಇದೆ ಅಂತ 5ಕ್ಕೆ ಅಂಕ ಹಾಕಿ ಅಂದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವಿವರ. ಬಹುಪಾಲು ಸಾಲುಗಳು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದವು. ನಿಮಗೆ ಬಂದ ವಿವರವನ್ನು ಹೆಸರು ತೆಗೆದು ನಾಲ್ಕು ಗೆಳತಿಯರಿಗೆ ‘ಇದು ನಿನ್ನದು’ ಅಂತ ಕಳಿಸಿ ನೋಡಿ.

ಪ್ರಶ್ನೆ: ಶಿರಸಿಯ ನಿವೃತ್ತ ಶಿಕ್ಷಕ. ಸಾವಿರ ಜನರನ್ನು ಕೇಳಿ ಇಡೀ ರಾಜ್ಯದ ಜನರ ಮನಸ್ಸು ಹೀಗಿದೆ ಅನ್ನುತ್ತಾರಲ್ಲ, ಅದು ಹೇಗೆ ಸಾಧ್ಯ? ಹೆಚ್ಚು ಜನರನ್ನು ಕೇಳಿದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಗುರುಗಳೇ, ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಪಾತ್ರೆ ಪೂರ್ತಿ ಸುರಿಯಬೇಕಾಗಿಲ್ಲ. ಪಾತ್ರೆ ಚಿಕ್ಕದಿರಲಿ, ಮದುವೆ ಮನೆಯ ಕೊಪ್ಪರಿಗೆ ಇರಲಿ, ಅಗುಳು ಅಷ್ಟೇ. ಆದರೆ ಸೌದೆ ಒಲೆಯ ಮೇಲೆ ಅನ್ನ ಮಾಡಿದವರಿಗೆ ಇನ್ನೊಂದು ವಿಷಯ ಗೊತ್ತಿದೆ. ಒಮ್ಮೆ ಕೈಯಾಡಿಸಿರಬೇಕು. ತಳದ್ದು ಹತ್ತಿರುತ್ತದೆ, ಮೇಲಿನದು ಇನ್ನೂ ಅಕ್ಕಿಯಾಗಿರುತ್ತದೆ. ಮೇಲಿನಿಂದಲೇ ನೂರು ಅಗುಳು ಹಿಚುಕಿದರೂ ತಳದ ಸುದ್ದಿ ಸಿಗುವುದಿಲ್ಲ.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಇದೇ ತಪ್ಪು ಮಾಡಿತು. ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು, ಇಪ್ಪತ್ತು ಲಕ್ಷಕ್ಕೂ ಮೇಲೆ ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ, ಶೇಕಡ 57 ಮತ ಅಂತ ಪ್ರಕಟಿಸಿತು. ಗೆದ್ದದ್ದು ರೂಸ್‌ವೆಲ್ಟ್, ಸುಮಾರು ಶೇಕಡ 61 ಮತ ಪಡೆದು. ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ. ವಿಳಾಸ ತೆಗೆದದ್ದು ಟೆಲಿಫೋನ್ ಪುಸ್ತಕ, ಕಾರು ನೋಂದಣಿ ಇಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಷ್ಟಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದವು? ಜೊತೆಗೆ, ಕಾರ್ಡು ತುಂಬಿ ವಾಪಸ್ ಕಳಿಸುವಷ್ಟು ಹಟ ಇದ್ದವರು ಯಾರು? ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನು ಕೇಳಿ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಈ ರೋಗ ನಮ್ಮ ಮನೋವಿಜ್ಞಾನಕ್ಕೂ ಇದೆ, ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. 2008ರಲ್ಲಿ ಜೆಫ್ರಿ ಆರ್ನೆಟ್ ಅಮೆರಿಕದ ಆರು ಪ್ರಮುಖ ಮನೋವಿಜ್ಞಾನ ಪತ್ರಿಕೆಗಳನ್ನು ಲೆಕ್ಕ ಹಾಕಿದಾಗ, ಅಧ್ಯಯನಕ್ಕೆ ಒಳಗಾದವರಲ್ಲಿ ಶೇಕಡ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಅಂತ ಸಿಕ್ಕಿತು. ಮನುಷ್ಯನ ಸ್ವಭಾವ ಅಂತ ನಾವು ಪಾಠ ಮಾಡುವುದರಲ್ಲಿ ಎಷ್ಟೋ ಭಾಗ ಅಲ್ಲಿನ ಕಾಲೇಜು ಹುಡುಗರ ಸ್ವಭಾವ. ಶಿರಸಿಯ ಅಡಿಕೆ ತೋಟದವರನ್ನು, ರಾಯಚೂರಿನ ಹತ್ತಿ ಬಿಡಿಸುವವರನ್ನು ಕೇಳಿದವರು ಎಷ್ಟು ಜನ?

ಪ್ರಶ್ನೆ: ಬಿ.ಎಡ್. ವಿದ್ಯಾರ್ಥಿ ನಾನು. ಆತ್ಮವಿಶ್ವಾಸದ ಮೇಲೆ ಪ್ರಾಜೆಕ್ಟ್. ಎಂಟನೇ ತರಗತಿಯ ಅರ್ಧ ಮಕ್ಕಳಿಗೆ ಬೇಕೆಂದೇ ಕಡಿಮೆ ಅಂಕ ಬಂದಿದೆ ಅಂತ ಹೇಳಿ, ಮುಂದಿನ ಟೆಸ್ಟಿನಲ್ಲಿ ಹೇಗೆ ಮಾಡುತ್ತಾರೆ ನೋಡಬೇಕು ಅಂತಿದ್ದೇನೆ. ಮೊದಲೇ ಹೇಳಿದರೆ ಪ್ರಯೋಗ ಕೆಡುತ್ತದೆ, ಹಾಗಾಗಿ ಯಾರಿಗೂ ಹೇಳುವುದಿಲ್ಲ. ಸರಿ ತಾನೇ?

ಉತ್ತರ: ಸರಿಯಲ್ಲಪ್ಪಾ, ಖಂಡಿತ ಮಾಡಬೇಡ.

1939ರಲ್ಲಿ ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಎಂಬ ಪ್ರೊಫೆಸರ್ ಮತ್ತು ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಅಧ್ಯಯನ ಮಾಡಿದರು. ತೊದಲುವಿಕೆ ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕಿತ್ತು. ಚೆನ್ನಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ ‘ನೀನು ತೊದಲುತ್ತಿದ್ದೀಯ, ಸರಿಯಾಗಿ ಬಾರದಿದ್ದರೆ ಮಾತಾಡಲೇಬೇಡ’ ಎಂಬ ಅರ್ಥದಲ್ಲಿ ಮತ್ತೆ ಮತ್ತೆ ಹೇಳಿದರು. ಮಕ್ಕಳು ಹಿಂಜರಿಯತೊಡಗಿದರು, ಕೆಲವರು ಮಾತೇ ಕಡಿಮೆ ಮಾಡಿದರು. ಮೇರಿ ಆಮೇಲೆ ವಾಪಸ್ ಹೋಗಿ ಸರಿಪಡಿಸಲು ನೋಡಿದರು. 2001ರಲ್ಲಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರ್ಕಾರ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು, ಕೆಲವರು ತೀರಿಹೋಗಿದ್ದರು.

ನಿನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬಳು ಇರುತ್ತಾಳೆ. ಈ ಸಲ ಮಾರ್ಕ್ಸ್ ಬಾರದಿದ್ದರೆ ಶಾಲೆ ಬಿಡಿಸುತ್ತೇವೆ ಅಂತ ಮನೆಯಲ್ಲಿ ಹೇಳಿರುತ್ತಾರೆ. ಅವಳಿಗೆ ನೀನು ಸುಳ್ಳು ಅಂಕ ಹೇಳಿದ ಸಂಜೆ ಮನೆಯಲ್ಲಿ ಏನಾಗುತ್ತದೆ ಅಂತ ನಿನಗೆ ಗೊತ್ತಾಗುವುದೇ ಇಲ್ಲ.

ಮಕ್ಕಳ ಮೇಲೆ ಏನೇ ಮಾಡುವುದಿದ್ದರೂ ತಂದೆ ತಾಯಿಯ ಒಪ್ಪಿಗೆ ಕಾಗದದಲ್ಲಿ ಬೇಕು, ಮಗುವೂ ‘ಹೂಂ’ ಅನ್ನಬೇಕು, ನಡುವೆ ಬೇಡ ಅಂದರೆ ಬಿಡಬೇಕು. ನಿನ್ನ ಕುತೂಹಲಕ್ಕೆ ದಾರಿ ಇದೆ. ತಿರುಗಿಸಿ ಮಾಡು. ಎಲ್ಲರಿಗೂ ನಿಜವಾದ ಅಂಕವನ್ನೇ ಕೊಡು. ಚೀಟಿ ಎತ್ತಿ ಅರ್ಧ ಮಕ್ಕಳಿಗೆ ಅಂಕದ ಜೊತೆ, ಎಲ್ಲಿ ತಪ್ಪಾಯಿತು, ಹೇಗೆ ಸರಿ ಮಾಡಬಹುದು ಅಂತ ಎರಡು ಸಾಲು ಬರೆದು ಕೊಡು. ಉಳಿದರ್ಧಕ್ಕೆ ಎಂದಿನಂತೆ ಬರೀ ಅಂಕ. ಮುಂದಿನ ಟೆಸ್ಟ್ ನೋಡು. ಅದು ಮುಗಿದ ಮೇಲೆ ಉಳಿದ ಮಕ್ಕಳಿಗೂ ಆ ಎರಡು ಸಾಲು ಬರೆದು ಕೊಡು.

ಪ್ರಶ್ನೆ: ಸಂಗೀತ ಕೇಳುತ್ತಾ ಓದಿದರೆ ನೆನಪು ಜಾಸ್ತಿ ಅಂತ ಊಹಿಸಿ ಪ್ರಯೋಗ ಮಾಡಿದೆ. ಎರಡು ಗುಂಪಿಗೂ ವ್ಯತ್ಯಾಸವೇ ಬರಲಿಲ್ಲ. ‘ಅಂಕಿ ಸ್ವಲ್ಪ ಸರಿ ಮಾಡ್ಕೋ, ಇಲ್ಲಾಂದ್ರೆ ಪ್ರಾಜೆಕ್ಟ್ ಫೇಲ್’ ಅಂತ ಸೀನಿಯರ್ ಹೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಒಂದು ಅಂಕಿಯನ್ನೂ ಮುಟ್ಟಬೇಡ. ವ್ಯತ್ಯಾಸ ಬರಲಿಲ್ಲ ಅನ್ನುವುದೂ ಫಲಿತಾಂಶವೇ.

ಇಂಥ ಫಲಿತಾಂಶಗಳನ್ನು ಬೀರುವಿನಲ್ಲಿಟ್ಟು, ವ್ಯತ್ಯಾಸ ಬಂದದ್ದನ್ನು ಮಾತ್ರ ಅಚ್ಚು ಹಾಕಿದ್ದರಿಂದಲೇ ನಮ್ಮ ವಿಜ್ಞಾನಕ್ಕೆ ಪೆಟ್ಟು ಬಿತ್ತು. 2015ರಲ್ಲಿ ನೂರಾರು ಸಂಶೋಧಕರು ಸೇರಿ ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇಕಡ 97ರಲ್ಲಿ ಗಮನಾರ್ಹ ವ್ಯತ್ಯಾಸ ಬಂದಿತ್ತು. ಮತ್ತೆ ಮಾಡಿದಾಗ ಶೇಕಡ 36ರಲ್ಲಿ ಮಾತ್ರ ಬಂತು. ಆ ಸುದ್ದಿ ಓದಿದ ದಿನ ನಾನು ವರ್ಷಗಳಿಂದ ಹೇಳಿಕೊಡುತ್ತಿದ್ದ ಪಾಠಗಳ ನೋಟ್ಸ್ ತೆಗೆದು ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಅಂತ ತುಂಬಾ ಹೊತ್ತು ಕೂತಿದ್ದೆ.

ನೀನು ಮಾಡಬೇಕಾದದ್ದು ಇಷ್ಟು. ನಿನ್ನ ಊಹೆ ಏನಿತ್ತು ಅಂತ ಮೊದಲಿನಂತೆಯೇ ಬರೆ, ಬದಲಾಯಿಸಬೇಡ. ಎಷ್ಟು ಜನ, ಯಾವ ಹಾಡು, ಎಷ್ಟು ಜೋರಾಗಿ, ಹೆಡ್‌ಫೋನೋ ಸ್ಪೀಕರೋ, ಎಲ್ಲ ಬರೆ. ಎರಡೂ ಗುಂಪಿನ ಸರಾಸರಿ ಕೊಡು. ಗುಂಪು ಚಿಕ್ಕದಿದ್ದರೆ, ಸಣ್ಣ ವ್ಯತ್ಯಾಸ ಇದ್ದರೂ ಕಾಣದೇ ಹೋಗಿರಬಹುದು ಅಂತ ಒಂದು ಸಾಲು ಸೇರಿಸು. ಕೈಯಿಂದ ತುಂಬಿದ ಮೂಲ ಹಾಳೆಗಳನ್ನು ಕೊನೆಯಲ್ಲಿ ಪಿನ್ ಮಾಡಿ ಕೊಡು. ವೈವಾದಲ್ಲಿ ‘ಯಾಕೆ ಬರಲಿಲ್ಲ’ ಅಂತ ಕೇಳಿದರೆ ಆ ಹಾಳೆಗಳನ್ನೇ ತೆರೆದು ತೋರಿಸು.